ಉಸಿರಿಗಿಂತ ಮೊದಲು ನೋಡಬೇಕಾದದ್ದು

ಧ್ಯಾನ ಶುರು ಮಾಡಬೇಕು ಅಂದುಕೊಂಡವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಹೇಗೆ ಕೂರಬೇಕು? ಕಣ್ಣು ಮುಚ್ಚಬೇಕಾ? ಉಸಿರನ್ನು ಮೂಗಿನ ಹತ್ತಿರ ನೋಡಬೇಕಾ, ಹೊಟ್ಟೆಯ ಹತ್ತಿರ ನೋಡಬೇಕಾ? ಎಷ್ಟು ಹೊತ್ತು? ಇವೆಲ್ಲ ಬೇಕಾದ ಪ್ರಶ್ನೆಗಳೇ. ಆದರೆ ಇವಕ್ಕೆಲ್ಲ ಐದು ನಿಮಿಷದಲ್ಲಿ ಉತ್ತರ ಹೇಳಿ ಮುಗಿಸಬಹುದು. ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ, ಅದನ್ನು ಕೇಳುವವರು ಕಡಿಮೆ. ಉಸಿರನ್ನು ನೋಡುತ್ತಾ ಕೂತಿರುವ ಆ ಮನಸ್ಸು ಈಗ ಹೇಗಿದೆ? ಅದಕ್ಕೆ ಏನಾದರೂ ಬೇಕಾಗಿದೆಯಾ? ಯಾವುದನ್ನಾದರೂ ದೂಡಲು ನೋಡುತ್ತಿದೆಯಾ? ಸುಮ್ನೆ ಕಾಟಾಚಾರಕ್ಕೆ ಕೂತಿದೆಯಾ?

ಧ್ಯಾನ ನಮಗೆ ಕೂಡಿಬರುವುದೂ, ಕೈಕೊಡುವುದೂ ಬಹುಪಾಲು ಈ ಪ್ರಶ್ನೆಯ ಮೇಲೆಯೇ ನಿಂತಿದೆ ಎಂದು ನಾನು ನಂಬಿದ್ದೇನೆ. ಕೂರುವ ಭಂಗಿ ಸರಿಯಿದ್ದು ಒಳಗಿನ ಧೋರಣೆ ಸರಿಯಿಲ್ಲದಿದ್ದರೆ ವರ್ಷಗಟ್ಟಲೆ ಕೂತರೂ ದಣಿವೇ ಹೆಚ್ಚು. ಧೋರಣೆ ಸರಿಯಿದ್ದರೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಗದ್ದಲದ ನಡುವೆ ಕೂತರೂ ಏನೋ ಒಂದು ತಿಳಿಯುತ್ತಾ ಹೋಗುತ್ತದೆ.

ಬಾಗಲಕೋಟೆಯ ನವನಗರದಲ್ಲಿ, ಗೆಳೆಯರೊಬ್ಬರ ಮನೆಯ ಮಹಡಿಯ ಕೋಣೆಯಲ್ಲಿ, ನಾವು ಕೆಲವರು ಬೆಳಗ್ಗೆ ಒಟ್ಟಿಗೆ ಕೂರುತ್ತೇವೆ. ನಿವೃತ್ತ ಮಾಸ್ತರೊಬ್ಬರಿದ್ದಾರೆ. ಕಿರಾಣಿ ಅಂಗಡಿ ನಡೆಸುವವರಿದ್ದಾರೆ. ನೈಟ್ ಡ್ಯೂಟಿ ಮುಗಿಸಿ ನೇರ ಬರುವ ನರ್ಸ್ ಇದ್ದಾರೆ. ಕೆಎಎಸ್ ಪರೀಕ್ಷೆಗೆ ಓದುತ್ತಿರುವ ಹುಡುಗಿ ಇದ್ದಾಳೆ. ಜಮಖಾನೆ ಹಾಸಿ ಕೂರುತ್ತೇವೆ, ಕಾಲು ಮಡಚಲಾಗದವರಿಗೆ ಕುರ್ಚಿ. ಗುರುಗಳು ಅಂತ ಯಾರೂ ಇಲ್ಲ. ಓದಿದ್ದು, ಶಿಬಿರಗಳಲ್ಲಿ ಕಲಿತದ್ದು, ಕೂತು ಕಂಡದ್ದು, ಇಷ್ಟೇ ನಮ್ಮ ಬಂಡವಾಳ. ಇಲ್ಲಿ ಬರೆಯುತ್ತಿರುವುದು ಬಹುಪಾಲು ಆ ಕೋಣೆಯಲ್ಲಿ ನಡೆದ ಮಾತುಕತೆಯಿಂದ ಬಂದದ್ದು.

ಕಿರಾಣಿ ಅಂಗಡಿಯವರು ಮೊದಲು ಬಂದಾಗ ನೇರವಾಗಿ ಕೇಳಿದ್ದರು. "ಇದರಿಂದ ಬಿಪಿ ಇಳಿತೈತೇನ್ರಿ?" ಅವರ ಡಾಕ್ಟರೇ ಟೆನ್ಷನ್ ಕಡಿಮೆ ಮಾಡಿಕೊಳ್ಳಿ ಎಂದು ಹೇಳಿ ಕಳಿಸಿದ್ದರು. ಬಿಪಿಗಾಗಿ ಬರುವುದರಲ್ಲಿ ತಪ್ಪೇನೂ ಇಲ್ಲ. ಗುಳಿಗೆ ಬಿಡಬೇಡಿ, ಇದನ್ನೂ ಮಾಡಿ ಎಂದೆ. ಆದರೆ ಅವರು ಕೂತಾಗ ಏನಾಗುತ್ತಿತ್ತು ಅಂದರೆ, ಎರಡೆರಡು ನಿಮಿಷಕ್ಕೊಮ್ಮೆ ತಮ್ಮನ್ನೇ ತಾವು ತಪಾಸಣೆ ಮಾಡುತ್ತಿದ್ದರು. ಶಾಂತಿ ಬಂತಾ? ಎದೆಬಡಿತ ಕಡಿಮೆ ಆಯ್ತಾ? ಇಲ್ಲ, ಇನ್ನೂ ಆಗಿಲ್ಲ. ಹಾಗೆ ಕಾಯುತ್ತಾ ಕೂತವನ ಮೈ ಸಡಿಲ ಆಗುವುದಾದರೂ ಹೇಗೆ? ಶಾಂತಿ ಬೇಕು ಎಂಬ ಹಟವೇ ಅಶಾಂತಿ ಆಗಿಬಿಟ್ಟಿತ್ತು.

ಆಸ್ಪತ್ರೆಗಳಲ್ಲಿ ಇವತ್ತು ಮೈಂಡ್‌ಫುಲ್‌ನೆಸ್ (ಈ ಗಳಿಗೆಯಲ್ಲಿ ಇರುವುದನ್ನು ಎಚ್ಚರದಿಂದ ಗಮನಿಸುವುದು) ಅಂತ ಹೇಳಿಕೊಡುತ್ತಾರಲ್ಲ, ಅದರ ಬೇರು 1979ರಲ್ಲಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಾಟ್-ಝಿನ್ ಅದನ್ನು ಶುರು ಮಾಡಿದರು. ಎಂಟು ವಾರದ ತರಗತಿ. ಬರುತ್ತಿದ್ದವರಲ್ಲಿ ಅನೇಕರು ಹಳೆಯ ನೋವಿನವರು, ಔಷಧದಿಂದ ಆಗುವಷ್ಟು ಆಗಿ ಇನ್ನೂ ನೋವು ಉಳಿದವರು. ಅಲ್ಲಿ ಒಂದು ಪದ್ಧತಿ ಇತ್ತು. ಈ ಎಂಟು ವಾರದಿಂದ ನಿಮಗೆ ಏನಾಗಬೇಕು, ಮೂರು ಗುರಿ ಹೇಳಿ ಎಂದು ಮೊದಲೇ ಕೇಳುತ್ತಿದ್ದರು. ಜನ ಹೇಳುತ್ತಿದ್ದರು. ಆಮೇಲೆ, ಸರಿ, ಈ ಎಂಟು ವಾರ ಆ ಗುರಿಗಳ ಕಡೆ ಹೋಗಲು ಪ್ರಯತ್ನವನ್ನೇ ಮಾಡಬೇಡಿ ಎನ್ನುತ್ತಿದ್ದರು! ಮೊದಲು ಓದಿದಾಗ ಇದೆಂಥ ಮಾತು ಅನ್ನಿಸುತ್ತದೆ. ಕೂತು ನೋಡಿದರೆ ಅದರ ಬೆಲೆ ಗೊತ್ತಾಗುತ್ತದೆ. ಬರುವುದಕ್ಕೆ ಕಾರಣ ಇರಲಿ. ಕೂತಾಗ ಅದನ್ನು ಬಾಗಿಲ ಹೊರಗೆ ಚಪ್ಪಲಿ ಬಿಟ್ಟ ಜಾಗದಲ್ಲೇ ಬಿಟ್ಟು ಬರಬೇಕು.

ಇದು ನಮ್ಮ ಭಾಗದವರಿಗೆ ತೀರಾ ಹೊಸದೇನೂ ಅಲ್ಲ. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಕಣ್ಣು ಅರೆ ತೆರೆದು, ನೋಟ ನೆಟ್ಟು ಕೂರುವ ಅಜ್ಜಿಯರನ್ನು ನೋಡುತ್ತಾ ಬೆಳೆದವರು ನಾವು. ನನ್ನ ಅಜ್ಜಿಯ ವಿಷಯದಲ್ಲಿ ನನಗೆ ಈಗ ಹೊಳೆಯುವುದು ಒಂದು. "ಪೂಜಿ ಆತೇನಬೇ?" ಎಂದು ಮನೆಯವರು ಕೇಳುತ್ತಿದ್ದರು. "ಆತು" ಎನ್ನುತ್ತಿದ್ದಳು. ಇವತ್ತಿನ ಪೂಜೆ ಚೆನ್ನಾಗಿ ಆಯ್ತಾ, ನಿನ್ನೆಗಿಂತ ಮೇಲಾ ಎಂದು ಯಾರೂ ಕೇಳುತ್ತಿರಲಿಲ್ಲ. ಅವಳಿಗೂ ಆ ಲೆಕ್ಕ ಇರಲಿಲ್ಲ. ಸ್ನಾನ ಆಯ್ತು, ಪೂಜೆ ಆಯ್ತು, ಇನ್ನು ರೊಟ್ಟಿ. ಅಷ್ಟೇ. ಧ್ಯಾನಕ್ಕೆ ಬೇಕಾದ ನಿರಾಳತೆ ಅಂದರೆ ಇದೇ ಅಲ್ವಾ?

ಹಾಗಾದರೆ ಈ ಧೋರಣೆಯನ್ನು ಬೆಳೆಸಿಕೊಳ್ಳುವುದು ಹೇಗೆ? ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಮ್ಯಾನ್ಮಾರಿನ ಬೌದ್ಧ ಭಿಕ್ಷು ಸಯಾಡೊ ಊ ತೇಜನಿಯ ಅವರ ಬೋಧನೆ. ಯಾಂಗೂನಿನ ಶ್ವೇ ಊ ಮಿನ್ ಧ್ಯಾನ ಕೇಂದ್ರದವರು. ಭಿಕ್ಷು ಆಗುವ ಮೊದಲು ಮನೆಯ ಬಟ್ಟೆ ವ್ಯಾಪಾರ ನೋಡಿಕೊಂಡಿದ್ದರು, ಖಿನ್ನತೆಯನ್ನೂ ಅನುಭವಿಸಿದ್ದರು. ಅಂಗಡಿಯ ಜಂಜಾಟದ ನಡುವೆ ಮನಸ್ಸನ್ನು ನೋಡಲು ಕಲಿತವರು. ಅವರು ಒತ್ತಿ ಹೇಳುವುದು ಇದನ್ನೇ: ಏನನ್ನು ನೋಡುತ್ತಿದ್ದೀರಿ ಎನ್ನುವುದಕ್ಕಿಂತ ನೋಡುವ ಮನಸ್ಸಿನಲ್ಲಿ ಆಸೆ ಇದೆಯಾ, ಬೇಡ ಎಂಬ ಭಾವ ಇದೆಯಾ ಎಂದು ಮೊದಲು ನೋಡಿಕೊಳ್ಳಿ. ಇದ್ದರೆ ಅದನ್ನೇ ನೋಡಿ.

ಮೂಲ ಇನ್ನೂ ಹಳೆಯದು. ಪಾಲಿ ಭಾಷೆಯ ಸತಿಪಟ್ಠಾನ ಸುತ್ತ ಎಂಬ ಉಪದೇಶದಲ್ಲಿ ಬುದ್ಧ ಗಮನ ಇಡಲು ನಾಲ್ಕು ನೆಲೆಗಳನ್ನು ಹೇಳುತ್ತಾನೆ. ಮೈ, ಹಿತ-ಅಹಿತದ ಅನುಭವ, ಮನಸ್ಸಿನ ಸ್ಥಿತಿ, ಧರ್ಮಗಳು (ಇಲ್ಲಿ ಮತ ಎಂಬ ಅರ್ಥ ಅಲ್ಲ, ಮನಸ್ಸಿಗೆ ಅಡ್ಡಿಯಾಗುವ, ನೆರವಾಗುವ ಸಂಗತಿಗಳು). ಮೂರನೆಯ ನೆಲೆಯ ಮಾತು ಬಹಳ ಸರಳ. ಮನಸ್ಸಿನಲ್ಲಿ ರಾಗ ಇದ್ದರೆ ರಾಗ ಇದೆ ಎಂದು ಸಾಧಕ ತಿಳಿಯುತ್ತಾನೆ. ದ್ವೇಷ ಇದ್ದರೆ ದ್ವೇಷ ಇದೆ ಎಂದು ತಿಳಿಯುತ್ತಾನೆ. ಚದುರಿದ್ದರೆ ಚದುರಿದೆ ಎಂದು ತಿಳಿಯುತ್ತಾನೆ. ಅದನ್ನು ಓಡಿಸು, ನಾಚಿಕೊಳ್ಳು ಎಂಬ ಮಾತು ಅಲ್ಲಿ ಬರುವುದಿಲ್ಲ. ಸಿಟ್ಟು ಬಂದರೆ ಧ್ಯಾನ ಕೆಟ್ಟಿತು ಎಂದುಕೊಳ್ಳುವವರು ಇದನ್ನು ಮತ್ತೆ ಮತ್ತೆ ಓದಬೇಕು. ಸಿಟ್ಟು ಕಂಡಿತು ಎಂದರೆ ಧ್ಯಾನ ನಡೆಯುತ್ತಿದೆ ಎಂದರ್ಥ.

ಏಪ್ರಿಲ್, ಮೇ ತಿಂಗಳು ಇದನ್ನು ಕಲಿಯಲು ಒಳ್ಳೆಯ ಕಾಲ. ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆಳಗಿನ ಹೊತ್ತಿಗೂ ಮಹಡಿಯ ಗೋಡೆ ರಾತ್ರಿಯ ಕಾವು ಬಿಟ್ಟಿರುವುದಿಲ್ಲ. ಕೂತ ಸ್ವಲ್ಪ ಹೊತ್ತಿಗೆ ಕರೆಂಟ್ ಹೋಗುತ್ತದೆ. ಫ್ಯಾನು ಕಿರ್ ಎನ್ನುತ್ತಾ ನಿಧಾನವಾಗಿ ನಿಲ್ಲುತ್ತದೆ. ಕಿವಿಯ ಹಿಂದೆ ಒಂದು ಹನಿ ಬೆವರು ಹುಟ್ಟುತ್ತದೆ. ಕುತ್ತಿಗೆಗೆ ಇಳಿಯುತ್ತದೆ, ಕಾಲರಿನ ಹತ್ತಿರ ನಿಲ್ಲುತ್ತದೆ, ಮತ್ತೆ ಬೆನ್ನಿಗೆ ಇಳಿಯುತ್ತದೆ. ಗಮನ ಕೊಟ್ಟು ನೋಡಿದರೆ ಇಲ್ಲಿ ಮೂರು ಸಂಗತಿ ಇವೆ. ಒದ್ದೆಯ, ತುರಿಕೆಯ ಸ್ಪರ್ಶ ಒಂದು. ಅದು ಹಿತವಲ್ಲ ಎನ್ನುವ ಅನಿಸಿಕೆ ಇನ್ನೊಂದು. ಮೂರನೆಯದು, "ಇದೇ ಹೊತ್ತಿಗೆ ಹೋಗಬೇಕಿತ್ತಾ, ಇನ್ನು ಕೂತು ಏನುಪಯೋಗ" ಎನ್ನುವ ಒಳಗಿನ ಗೊಣಗಾಟ. ಮೊದಲನೆಯದರ ಆಯುಷ್ಯ ಕೆಲವು ಸೆಕೆಂಡು. ಎರಡನೆಯದೂ ಅಷ್ಟೇ. ಮೂರನೆಯದನ್ನು ಅದರ ಪಾಡಿಗೆ ಬಿಟ್ಟರೆ ಅರ್ಧ ತಾಸು ಓಡುತ್ತದೆ. ಮೂರೂ ಒಂದೇ ಎಂದುಕೊಂಡಾಗ ಸೆಖೆ ತಡೆಯಲಾಗದು ಅನ್ನಿಸುತ್ತದೆ. ಬೇರೆ ಬೇರೆಯಾಗಿ ಕಂಡಾಗ ಸೆಖೆ ಸೆಖೆಯಷ್ಟೇ ಆಗುತ್ತದೆ. ಕೈಯೆತ್ತಿ ಒರೆಸಿಕೊಳ್ಳಬಹುದು, ಅದಕ್ಕೆ ಅಡ್ಡಿಯಿಲ್ಲ. ಸಹಿಸುವ ಸ್ಪರ್ಧೆ ಇದಲ್ಲ.

ಹೊಸಬರು ತಮ್ಮನ್ನು ತಾವು ಬೈದುಕೊಳ್ಳುವಷ್ಟು ಬೇರೆ ಯಾರೂ ಅವರನ್ನು ಬೈಯುವುದಿಲ್ಲ. ಉಸಿರು ನೋಡುತ್ತಾ ಕೂತಿರುತ್ತಾರೆ, ಮನಸ್ಸು ಸಾಲದ ಕಂತಿಗೆ ಹೋಗುತ್ತದೆ, ಮಗಳ ಕಾಲೇಜಿಗೆ ಹೋಗುತ್ತದೆ, ಎಚ್ಚರ ಆಗುತ್ತದೆ. ಕೂಡಲೇ, "ಥೂ, ಮತ್ತ ಹೋತು!" ಈ ಥೂ ಎನ್ನುವುದೇ ತೊಂದರೆ. ಎಚ್ಚರವಾದ ಆ ಗಳಿಗೆಯೇ ಅಭ್ಯಾಸದ ತಿರುಳು. ಅದೇ ಗಳಿಗೆಗೆ ಏಟು ಹಾಕಿದರೆ ಎಚ್ಚರ ಆಗುವುದಕ್ಕೇ ಮನಸ್ಸು ಹಿಂಜರಿಯುತ್ತದೆ. ನಿಲ್ಲದ ಮನಸ್ಸಿನ ಬಗ್ಗೆ ನಾಚಿಕೆ ಪಡಬೇಕಾಗಿಯೂ ಇಲ್ಲ. ತನ್ನ ಮನಸ್ಸು ಕೊಂಬೆಯ ಮೇಲಿನ ಮರ್ಕಟನಂತೆ ಹಾರುತ್ತದೆ, ನಿಂತಲ್ಲಿ ನಿಲ್ಲುವುದಿಲ್ಲ ಎಂದು ಬಸವಣ್ಣನವರೇ ಕೂಡಲಸಂಗಮದೇವನ ಮುಂದೆ ಹೇಳಿಕೊಂಡಿದ್ದಾರೆ.

ಗುಳೇದಗುಡ್ಡದಲ್ಲಿ ಕುಪ್ಪಸದ ಖಣ ನೇಯುವ ಹಿರಿಯರೊಬ್ಬರ ಮಗ್ಗದ ಪಕ್ಕ ಒಮ್ಮೆ ಬಹಳ ಹೊತ್ತು ಕೂತಿದ್ದೆ. ಲಾಳಿ ಆಚೆ ಈಚೆ ಓಡುತ್ತಿತ್ತು, ಮಾತಾಡುವುದಕ್ಕೂ ಆಗದಷ್ಟು ಸದ್ದು. ಇದ್ದಕ್ಕಿದ್ದ ಹಾಗೆ ನಿಲ್ಲಿಸಿದರು. ಒಂದು ಎಳೆ ಹರಿದಿತ್ತು. ನೂರಾರು ಎಳೆಗಳ ನಡುವೆ ಅದು ನನ್ನ ಕಣ್ಣಿಗೆ ಕಾಣಲೇ ಇಲ್ಲ. ಅವರು ಬಗ್ಗಿ, ಬೆರಳ ತುದಿಯಿಂದ ಎಳೆಗಳನ್ನು ಸವರಿ, ಹರಿದ ತುದಿಯನ್ನು ಹಿಡಿದರು. ತುದಿ ಹುಡುಕುವುದಕ್ಕೇ ಹೊತ್ತು ಹಿಡಿಯಿತು. ಗಂಟು ಹಾಕಿದ್ದು ಕಣ್ಣು ಮಿಟುಕಿಸುವಷ್ಟರಲ್ಲಿ. ಮತ್ತೆ ಲಾಳಿ ಓಡಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಹರಿಯಿತು. ಮತ್ತೆ ಅದೇ ಕೈ, ಅದೇ ಬಗ್ಗುವಿಕೆ. ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ.

"ಕಾಕಾರ, ಬ್ಯಾಸರ ಆಗೂದಿಲ್ಲೇನ್ರಿ?" ಎಂದು ಕೇಳಿದೆ.

"ಬ್ಯಾಸರ ಯಾಕ್ರಿ? ಎಳಿ ಅಂದಮ್ಯಾಲ ಹರಿಯೂದ. ಹುಡುಕೂದು, ಗಂಟ ಹಾಕೂದು, ಅದೂ ನೇಯೂ ಕೆಲಸನ ಅಲ್ಲೇನ್ರಿ?"

ನಮ್ಮ ಕೋಣೆಯಲ್ಲಿ ಯಾರಾದರೂ "ಥೂ" ಎಂದಾಗ ನಾನು ಆ ಕಾಕಾರ ಮಾತು ಹೇಳುತ್ತೇನೆ. ಎಳೆಯ ಹಾಗೆ ಗಮನವೂ ಹರಿಯುತ್ತದೆ. ಹುಡುಕಿ ತರುವುದೂ ಧ್ಯಾನವೇ. ಅದು ಧ್ಯಾನಕ್ಕೆ ಬಂದ ವಿಘ್ನ ಅಲ್ಲ.

ಇನ್ನು ಒಪ್ಪಿಕೊಳ್ಳುವ ಮಾತು. ಇದರ ಬಗ್ಗೆ ನಾನು ಹೆಚ್ಚು ಬರೆಯಲೇಬೇಕು. ಯಾಕೆಂದರೆ ಧ್ಯಾನದ ಬೋಧನೆಯಲ್ಲಿ ಇಷ್ಟು ತಪ್ಪಾಗಿ ಕೇಳಿಸುವ ಮಾತು ಇನ್ನೊಂದಿಲ್ಲ. ಅದರಲ್ಲೂ ಬಾಗಲಕೋಟೆಯಲ್ಲಿ ಕೂತು "ಇರುವುದನ್ನು ಒಪ್ಪಿಕೊಳ್ಳಿ" ಎಂದು ಹೇಳುವುದು ಸುಲಭವಲ್ಲ. ಈ ಊರು ಮುಳುಗಡೆ ಕಂಡ ಊರು. ಕೃಷ್ಣೆಗೆ ಅಡ್ಡಲಾಗಿ ಆಲಮಟ್ಟಿಯಲ್ಲಿ 1964ರಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಬಿತ್ತು. ಈಗ ಜಲಾಶಯದ ಪೂರ್ಣ ಮಟ್ಟ 519.60 ಮೀಟರ್. ಅದನ್ನು 524.256 ಮೀಟರಿಗೆ ಏರಿಸುವ ಮಾತು ವರ್ಷಗಳಿಂದ ನಡೆದೇ ಇದೆ. ಹಿನ್ನೀರಿಗೆ ಹೊಲ ಹೋದವು, ಮನೆ ಹೋದವು, ಹಳೇ ಊರಿನ ಓಣಿಗಳು ಹೋದವು. ನವನಗರ ಹುಟ್ಟಿದ್ದೇ ಹಾಗೆ. ಓಣಿಯ ಹೆಸರು ಹೇಳುತ್ತಿದ್ದವರು ಸೆಕ್ಟರ್ ನಂಬರ್ ಹೇಳುವುದನ್ನು ಕಲಿತರು.

ನಮ್ಮ ಜೊತೆ ಕೂರುವ ಮಾಸ್ತರರ ಮನೆಯೂ ನೀರಿನಡಿ ಹೋದದ್ದು. ಒಂದು ದಿನ ನಾನು ಒಪ್ಪಿಕೊಳ್ಳುವುದರ ಬಗ್ಗೆ ಏನೋ ಓದಿ ಹೇಳುತ್ತಿದ್ದೆ. ಅವರು ನಡುವೆಯೇ ತಡೆದರು. "ಎಲ್ಲಾ ಒಪ್ಪಿಕೊಂಡಮ್ಯಾಲ ಪರಿಹಾರ ಯಾಕ ಕೇಳಬೇಕ್ರಿ? ಕೋರ್ಟಿಗೆ ಯಾಕ ಹೋಗಬೇಕು?" ದನಿಯಲ್ಲಿ ಕಾವು ಇತ್ತು. ಇರಬೇಕಾದದ್ದೇ. ಅನ್ಯಾಯ ಆದವರಿಗೆ ಸುಮ್ಮನಿರು ಎಂದು ಹೇಳಲು ಧ್ಯಾನವನ್ನು ಬಳಸುವವರಿದ್ದಾರೆ. ಅಂಥವರ ಮಾತನ್ನು ಯಾರೂ ಕೇಳಬಾರದು.

ನಾನು ತಿಳಿದಿರುವುದು ಹೀಗೆ. ಒಪ್ಪಿಕೊಳ್ಳಬೇಕಾದದ್ದು ಈ ಗಳಿಗೆಯಲ್ಲಿ ಆಗಲೇ ಇರುವುದನ್ನು ಮಾತ್ರ. ಮನೆ ನೀರಿನಡಿ ಇದೆ. ಅದನ್ನು ನೆನೆದಾಗ ಎದೆ ಭಾರ ಆಗುತ್ತದೆ. ಗಂಟಲು ಕಟ್ಟುತ್ತದೆ. ಇಷ್ಟು ಇದೆ. ಇದು ಸರಿಯಾಯ್ತಾ, ಇದಕ್ಕೆ ಬೆಲೆ ಕಟ್ಟಿದ್ದು ನ್ಯಾಯವಾ, ನಾಳೆ ಏನು ಮಾಡಬೇಕು ಎನ್ನುವುದು ಬೇರೆಯೇ ಪ್ರಶ್ನೆ. ಅದಕ್ಕೆ ಹೋರಾಟವೂ ಉತ್ತರ ಆಗಬಹುದು. ಎದೆಯ ಭಾರವನ್ನು ನೋಡಲು ಒಲ್ಲದವನು ಆ ಭಾರವನ್ನು ಹೆಂಡತಿ ಮಕ್ಕಳ ಮೇಲೆ ಇಳಿಸುತ್ತಾನೆ. ನೋಡಬಲ್ಲವನು ಅದನ್ನು ಹೊತ್ತುಕೊಂಡೇ ವಕೀಲರ ಹತ್ತಿರ ಹೋಗಿ ನೆಟ್ಟಗೆ ಮಾತಾಡುತ್ತಾನೆ. ಒಪ್ಪಿಗೆ ಕೈ ಕಟ್ಟುವುದಿಲ್ಲ. ಎಲ್ಲಿ ನಿಂತಿದ್ದೇವೆ ಎಂದು ಗೊತ್ತಾದರೆ ತಾನೇ ಮುಂದಿನ ಹೆಜ್ಜೆ ಇಡಲು ಬರುವುದು?

ಮಾಸ್ತರರು ಅವತ್ತು ಏನೂ ಹೇಳಲಿಲ್ಲ. ಕೆಲವು ವಾರ ಕಳೆದ ಮೇಲೆ ತಾವಾಗಿಯೇ ಮಾತು ತೆಗೆದರು. "ನೀರು ಬಂದೈತಿ ಅನ್ನೋದು ಒಪ್ಪೀನ್ರಿ. ಕೊಟ್ಟ ರೊಕ್ಕ ಸಾಕು ಅನ್ನೋದು ಒಪ್ಪಿಲ್ಲ." ಇದಕ್ಕಿಂತ ಸ್ಪಷ್ಟವಾಗಿ ನನಗೆ ಹೇಳಲು ಬರುವುದಿಲ್ಲ.

ಇದೇ ಮಾತು ಸಣ್ಣ ಸಂಗತಿಗಳಿಗೂ ಸಲ್ಲುತ್ತದೆ. ಮಂಡಿ ನೋವು ಹೋಗಲಿ ಎಂದು ಮಂಡಿ ನೋವನ್ನು ಒಪ್ಪಿಕೊಂಡರೆ ಅದು ಒಪ್ಪಿಗೆ ಅಲ್ಲ, ಚೌಕಾಸಿ. ಮನಸ್ಸಿಗೆ ಈ ಚೌಕಾಸಿ ಬಹಳ ಚೆನ್ನಾಗಿ ಗೊತ್ತು. ಅದನ್ನೂ ಕಂಡುಕೊಂಡರೆ ಸಾಕು.

ತಾಳ್ಮೆ, ಹೊಸಗಣ್ಣು (ಪ್ರತಿಸಲವೂ ಮೊದಲ ಸಲ ಎಂಬಂತೆ ನೋಡುವುದು), ತನ್ನ ಮೇಲೆ ನಂಬಿಕೆ, ಬಿಟ್ಟುಕೊಡುವುದು, ಹೀಗೆ ಕಬಾಟ್-ಝಿನ್ ಹೇಳುವ ಧೋರಣೆಗಳು ಇನ್ನೂ ಇವೆ. ನನ್ನ ಅನುಭವದಲ್ಲಿ ಒಂದನ್ನು ಗಟ್ಟಿಯಾಗಿ ಹಿಡಿದರೆ ಉಳಿದವು ತಾವೇ ಬರುತ್ತವೆ. ಬೇಕು ಬೇಡಗಳನ್ನು ಕಂಡವನಿಗೆ ತಾಳ್ಮೆಯನ್ನು ಬೇರೆ ಕಲಿಸಬೇಕಾಗಿಲ್ಲ. ಹೊಸಗಣ್ಣಿನ ಬಗ್ಗೆ ಮಾತ್ರ ಒಂದು ಮಾತು. ಹಳಬರಿಗೆ ಇದು ಜಾಸ್ತಿ ಬೇಕು. "ಇದು ನನಗೆ ಗೊತ್ತು" ಎಂದು ಕೂತರೆ ನೋಡುವುದೇ ನಿಂತುಹೋಗುತ್ತದೆ.

ಕೇಳುವುದರಲ್ಲಿ ಈ ಧೋರಣೆ ಹೇಗಿರುತ್ತದೆ ಎಂದು ನಮ್ಮ ಜನ ಈಗಾಗಲೇ ಕಂಡಿದ್ದಾರೆ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ 2023ರ ಜನವರಿ 2ರಂದು ಅಗಲಿದರು. ಅವರ ಪ್ರವಚನಕ್ಕೆ ಹೋದವರಿಗೆ ಗೊತ್ತು, ಅಷ್ಟು ಮೆಲುದನಿಯ ಮಾತಿಗೆ ಸಾವಿರಾರು ಜನ ಸದ್ದಿಲ್ಲದೆ ಕೂರುತ್ತಿದ್ದರು. ಜೇಬಿಲ್ಲದ ಅಂಗಿ ತೊಡುತ್ತಿದ್ದ ಅವರು ಯಾರಿಂದಲೂ ಏನನ್ನೂ ಬಯಸುತ್ತಿರಲಿಲ್ಲ. ಕೇಳುವವರೂ ಆ ಹೊತ್ತಿಗೆ ಏನನ್ನೂ ಬಯಸದೆ ಕೇಳುತ್ತಿದ್ದರು. ಎದುರು ವಾದ ಹುಡುಕುತ್ತಿರಲಿಲ್ಲ. ಮುಗಿಯಲಿ ಎಂದು ಕಾಯುತ್ತಿರಲಿಲ್ಲ. ಧ್ಯಾನ ನನಗೆ ಬರುವುದಿಲ್ಲ ಎನ್ನುವವರಿಗೆ ನಾನು ಆ ಬೆಳಗುಗಳನ್ನು ನೆನಪಿಸುತ್ತೇನೆ. ಅಲ್ಲಿ ಕೇಳಿದ ಹಾಗೆಯೇ ನಿಮ್ಮ ಮನಸ್ಸಿನ ಮಾತನ್ನೂ ಕೇಳಿ ಎನ್ನುತ್ತೇನೆ.

ಬಯಕೆ ಇಲ್ಲದೆ ಕೂರುವುದು ಎಂದರೆ ಜೋಲುಬಿದ್ದು ಕೂರುವುದಲ್ಲ. ಪರೀಕ್ಷೆಗೆ ಓದುವ ಹುಡುಗಿ ತಡರಾತ್ರಿ ತನಕ ಓದಿ ಬರುತ್ತಾಳೆ, ಕೂತ ಕೂಡಲೇ ತೂಕಡಿಕೆ. ಎದ್ದೇಳು, ಗಟ್ಟಿಯಾಗಿ ಕೂರು ಎಂದು ತನ್ನನ್ನೇ ದಬಾಯಿಸಿಕೊಳ್ಳುತ್ತಿದ್ದಳು. ತೂಕಡಿಕೆಯನ್ನೇ ನೋಡು ಎಂದೆ. ರೆಪ್ಪೆ ಎಲ್ಲಿಂದ ಭಾರ ಆಗುತ್ತದೆ? ಕತ್ತು ಬೀಳುವ ಮುಂಚೆ ಏನಾಗುತ್ತದೆ? ಕುತೂಹಲ ಹುಟ್ಟಿದ ಕಡೆ ನಿದ್ದೆಗೆ ಜಾಗ ಕಡಿಮೆ. ಅಷ್ಟಾಗಿಯೂ ನಿದ್ದೆ ಬಂದರೆ ಮೈ ನಿದ್ದೆ ಕೇಳುತ್ತಿದೆ, ಹೋಗಿ ಮಲಗಬೇಕು. ಪರೀಕ್ಷೆ ಹತ್ತಿರ ಬಂದಾಗ ಧ್ಯಾನ ಬಿಡಲಾ ಎಂದು ಕೇಳಿದಳು. ಬಿಡಬೇಡ, ಕಡಿಮೆ ಮಾಡು ಎಂದೆ. ಪುಸ್ತಕ ತೆರೆಯುವ ಮೊದಲು ಹತ್ತು ಉಸಿರು. ಆ ಹತ್ತು ಉಸಿರಿನಲ್ಲಿ ಒಂದೇ ವಿಚಾರಣೆ: ಈಗ ಮನಸ್ಸು ಓದಲು ಕೂತಿದೆಯಾ, ಹೆದರಲು ಕೂತಿದೆಯಾ?

ಒಂದು ಎಚ್ಚರಿಕೆಯನ್ನು ನಮ್ಮ ನರ್ಸ್ ಅಕ್ಕ ಯಾವಾಗಲೂ ಹೇಳುತ್ತಾರೆ, ಅದನ್ನು ಬಿಟ್ಟು ಮುಂದೆ ಹೋಗಲಾರೆ. ದೊಡ್ಡ ಆಘಾತ ಕಂಡವರಿಗೆ, ತೀವ್ರ ಖಿನ್ನತೆಯಲ್ಲಿರುವವರಿಗೆ ಕಣ್ಣು ಮುಚ್ಚಿ ಕೂರುವುದೇ ಕಷ್ಟ ಆಗಬಹುದು. ಹಳೆಯದೆಲ್ಲ ಒಮ್ಮೆಲೇ ಮೇಲೆ ಬರಬಹುದು. ಹಾಗಾದಾಗ ಹಟ ಮಾಡಿ ಕೂರುವುದು ಸಾಧನೆ ಅಲ್ಲ. ಕಣ್ಣು ತೆರೆಯಿರಿ. ಅಂಗಾಲು ನೆಲಕ್ಕೆ ತಾಗುವುದನ್ನು ಗಮನಿಸಿ. ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಮನೋವೈದ್ಯರನ್ನು ಕಾಣಿ, ಅವರ ಸಲಹೆಯ ಪ್ರಕಾರ ಮುಂದುವರಿಯಿರಿ. ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಫೋನಿನಲ್ಲೇ ಮಾತಾಡಬೇಕಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿಗೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ತನ್ನ ಬಗ್ಗೆ ಕರುಣೆ ಇರುವವರು ಇದನ್ನು ಸಣ್ಣತನ ಎಂದುಕೊಳ್ಳುವುದಿಲ್ಲ.

ಕೂತು ಎದ್ದ ಮೇಲೆ ನಾವು ಸ್ವಲ್ಪ ಹೊತ್ತು ಮಾತಾಡುತ್ತೇವೆ. ಇವತ್ತು ಚೆನ್ನಾಗಿ ಆಯ್ತು, ಇವತ್ತು ಆಗಲಿಲ್ಲ ಎಂದು ಯಾರೂ ಹೇಳುವಂತಿಲ್ಲ, ಅದೊಂದೇ ಕಟ್ಟು. ಏನು ಕಂಡಿತು ಎಂದು ಹೇಳಬೇಕು. ಹೇಳುವುದಕ್ಕೆ ಏನೂ ಇಲ್ಲದಿದ್ದರೆ ಸುಮ್ನೆ ಇರಬಹುದು. ಒಬ್ಬರು ಚಹಾದ ಬಯಕೆ ಮೂರು ಸಲ ಬಂದು ಹೋದದ್ದನ್ನು ಹೇಳುತ್ತಾರೆ. ಇನ್ನೊಬ್ಬರು ತಂಗಿಯ ಮೇಲಿನ ಸಿಟ್ಟಿನ ಕೆಳಗೆ ಅಂಜಿಕೆ ಕಂಡದ್ದನ್ನು ಹೇಳುತ್ತಾರೆ. ಕಿರಾಣಿ ಅಂಗಡಿಯವರು ಬಹಳ ದಿನ ಏನೂ ಹೇಳುತ್ತಿರಲಿಲ್ಲ. ಮೊನ್ನೆ ಮಾತಾಡಿದರು.

"ಉದ್ರಿ ಕೇಳಾಕ ಬಂದ್ರ ನನ್ನ ದವಡಿ ಬಿಗಿ ಹಿಡಿತೈತ್ರಿ. ಇಷ್ಟ ವರ್ಷ ಗೊತ್ತ ಇರಲಿಲ್ಲ. ಈಗ ಮಂದಿ ಬಾಗಲಕ್ಕ ಬಂದ ಕೂಡ್ಲೆ ಗೊತ್ತಾಗಾಕ ಹತ್ತೈತಿ."

"ಹಂಗಾದ್ರ ಉದ್ರಿ ಕೊಟ್ರೇನ್ರಿ?" ಎಂದು ನರ್ಸ್ ಅಕ್ಕ ಕೇಳಿದರು.

"ಇಲ್ರಿ, ಕೊಟ್ಟಿಲ್ಲ. ಹಳೇ ಬಾಕಿ ಭಾಳ ಐತಿ. ಆದ್ರ ಬೈದಿಲ್ಲ. ಮದಲಿನ್ದು ಕೊಡ್ರಿ, ಆಮ್ಯಾಲ ನೋಡೂಣು ಅಂದೆ. ಅವರೂ ಸಿಟ್ಟಾಗಲಿಲ್ಲ."